ಗುರವ್ವನ ಗಿಳಿಗಳು ಮತ್ತು ಸಂಘದ ಕಂಪ್ಯೂಟರು

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಫೋನು ರಿಪೇರಿಗೆ ಕೊಟ್ಟು ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಕೂತವನು ಕಾದ ಬೆಸುಗೆ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದ. ಚುಂಯ್ ಎಂದು ಎಳೆಯಷ್ಟು ಹೊಗೆ ಎದ್ದು ಮೂಗಿಗೆ ಬಂತು. ಎಂಟು ವರ್ಷದ ಹಿಂದಿನ ಶ್ರಾವಣ, ನರಗುಂದದ ಗುಡ್ಡದ ಬುಡದ ಒಂದು ಪುಟ್ಟ ಅಂಗಡಿ, ನನ್ನ ಕೈಯಲ್ಲಿ ಇಂಥದೇ ಒಂದು ಕಡ್ಡಿ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತ ನೀಲವ್ವ. ಎಲ್ಲವೂ ಆ ಹೊಗೆಯಲ್ಲೇ ಇದ್ದಂತೆ ಒಮ್ಮೆಲೇ ಎದ್ದು ಬಂದವು.

ಆಗ ನನಗೆ ಇಪ್ಪತ್ತಮೂರು. ಊರು ಜಕ್ಕಲಿ. ರೋಣದಲ್ಲಿ ಆರು ತಿಂಗಳು ಕಂಪ್ಯೂಟರ್ ರಿಪೇರಿ ಕಲಿತಿದ್ದೆ. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಕಲಿತದ್ದಕ್ಕೆ ಸರಿಯಾದ ಕೆಲಸ ಸಿಗದೆ, ಆ ವರ್ಷದ ಬೇಸಿಗೆಯಲ್ಲಿ ಗಜೇಂದ್ರಗಡದ ಒಂದು ಸಣ್ಣ ನೇಕಾರರ ಸಂಘಕ್ಕೆ ಸೇರಿಕೊಂಡೆ. ಹಳೆಯ ಮನೆಯೊಂದರಲ್ಲಿ ಸಂಘದ ಕಚೇರಿ. ಹಿಂದಿನ ಪಡಸಾಲೆಯಲ್ಲಿ ನಾಲ್ಕು ಮಗ್ಗ, ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು. ನೂಲಿಗೆ ಹಚ್ಚಿದ ಗಂಜಿಯ ವಾಸನೆ ಗೋಡೆಗಳಿಗೂ ಹತ್ತಿತ್ತು. ಆಷಾಢ ಬಂತೆಂದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವವು. ಅದೇ ಗಾಳಿ ನಮ್ಮ ಕಿಟಕಿಯಿಂದ ನುಗ್ಗಿ ನೂಲಿನ ಹಿಂಜನ್ನೆಲ್ಲ ಮೇಲೆಬ್ಬಿಸಿ ಕಂಪ್ಯೂಟರಿನ ಮೇಲೆ ತಂದು ಕೂರಿಸುವುದು.

ನನ್ನ ಕೆಲಸ ಇಷ್ಟು: ನೇಕಾರರ ಮನೆಗಳಲ್ಲಿ ಉಳಿದ ಹಳೆಯ ಸೀರೆಗಳನ್ನು ತರಿಸಿ, ಮೇಜಿನ ಮೇಲೆ ಹಾಸಿ ಫೋಟೊ ತೆಗೆಯುವುದು. ಆಮೇಲೆ ಅದರ ಅಂಚು, ಸೆರಗುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ, ಒಂದು ಎಳೆಗೆ ಒಂದು ಚೌಕದಂತೆ ಬರೆಯುವುದು. ಆ ನಕ್ಷೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಕಾರ್ಡುಗಳನ್ನು ಮಗ್ಗದ ಮೇಲೆ ಏರಿಸಿದರೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೆ ಉಳಿಯಬೇಕು ಎಂಬುದನ್ನು ತೂತುಗಳೇ ಹೇಳುತ್ತವೆ.

ನೀಲವ್ವ ಸಂಘದ ಹಿರಿಯ ನೇಕಾರಳು. ಅರವತ್ತರ ಹತ್ತಿರದ ವಯಸ್ಸು. ಮಾತು ಕಡಿಮೆ, ಕೈ ಚುರುಕು. ಒಂದು ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಸೀರೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅವರ ತಾಯಿ ಗುರವ್ವ ಹರೆಯದಲ್ಲಿ ತನಗಾಗಿ ನೇಯ್ದುಕೊಂಡ ಸೀರೆ. ಕಾರ್ಡುಗಳಿಲ್ಲದ ಕಾಲ, ಎಳೆ ಎಣಿಸಿ, ಕೈಯಿಂದಲೇ ಎತ್ತಿ ಹೂವು ಹಕ್ಕಿ ಮೂಡಿಸಿದ್ದು. ಕುಂಕುಮದ ಕೆಂಪು ಸೆರಗಿನ ಅಂಚಿನುದ್ದಕ್ಕೆ ಒಂದರ ಮೇಲೊಂದು ಹದಿಮೂರು ಹಸಿರು ಗಿಳಿಗಳು. ಹಾಸಿಗೆ ಹಿಡಿದಿದ್ದ ಗುರವ್ವ ಸಂಜೆಯೊಳಗೆ ಸೀರೆ ಕೇಳುತ್ತಾಳೆಂದು ನೀಲವ್ವ ಅವಸರ ಮಾಡಿದರು. ನಾನು ಲಗುಬಗೆಯಿಂದ ಫೋಟೊ ತೆಗೆದು ಮರಳಿಸಿದೆ.

ಹನ್ನೆರಡು ದಿನಕ್ಕೆ ಗುರವ್ವ ತೀರಿಕೊಂಡರು. ಹೋಗುವಾಗ ಅದೇ ಸೀರೆ ಉಡಿಸಬೇಕೆಂದು ಹೇಳಿದ್ದರಂತೆ, ಹಾಗೆಯೇ ಉಡಿಸಿದರು. ಮಣ್ಣಿಗೆ ನಾನೂ ಹೋಗಿದ್ದೆ. ಸೀರೆಯೂ ಅವರೊಂದಿಗೆ ಹೋಯಿತು.

ತಿಂಗಳು ಕಳೆದ ಮೇಲೆ ನೀಲವ್ವ ಬಂದು, ಅವ್ವನ ಸೀರೆ ನಿನ್ನ ಯಂತ್ರದಲ್ಲಿ ಇದೆಯೇನು ಎಂದು ಕೇಳಿದರು. ಇದೆ ಎಂದೆ. ಹಾಗಾದರೆ ನಾನದನ್ನು ಮತ್ತೆ ನೇಯುತ್ತೇನೆ ಎಂದರು. ಅಂದಿನಿಂದ ನನಗೆ ಬೇರೆ ಕೆಲಸವೇ ಬೇಡವಾಯಿತು. ದಿನಕ್ಕೊಂದು ಅಂಗುಲದಂತೆ ಆ ಸೆರಗನ್ನು ಬರೆದೆ. ಆಷಾಢ ಮುಗಿಯುವ ಹೊತ್ತಿಗೆ ನೀಲವ್ವ ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡಿದರು, ಶ್ರಾವಣದ ಎರಡನೇ ವಾರಕ್ಕೆ ಸೀರೆಯ ಮೈ ನೇಯ್ದು ಮುಗಿಸಿದರು. ಇನ್ನು ಸೆರಗು ಮಾತ್ರ. ನಾಳೆ ಬೆಳಿಗ್ಗೆ ನಕ್ಷೆಯನ್ನು ಪ್ರಿಂಟು ತೆಗೆದು ಕಾರ್ಡಿಗೆ ಕೊಡುವುದೆಂದು ಸೋಮವಾರ ಮಾತಾಯಿತು.

ಅದೇ ಸೋಮವಾರ ಮಧ್ಯಾಹ್ನ ಸಿಡಿಲು ಹೊಡೆಯಿತು.

ಯುಪಿಎಸ್‌ನ ಬ್ಯಾಟರಿ ಸತ್ತು, ಆ ಪೆಟ್ಟಿಗೆ ರಿಪೇರಿಗೆ ಹೋಗಿತ್ತು. ನಾಲ್ಕು ದಿನದ ಮಾತು ಎಂದು ಕಂಪ್ಯೂಟರನ್ನು ಗೋಡೆಯ ಪ್ಲಗ್ಗಿಗೇ ಹಾಕಿದ್ದೆ. ನಾನು ಪಡಸಾಲೆಯಲ್ಲಿ ರೊಟ್ಟಿ ಮುರಿಯುತ್ತಿದ್ದಾಗ ಮನೆಯೆಲ್ಲ ಬೆಳ್ಳಗಾಯಿತು, ಟ್ಯೂಬ್‌ಲೈಟು ಒಮ್ಮೆ ಝಗ್ಗೆಂದು ಆರಿತು. ಕರೆಂಟು ಬಂದ ಮೇಲೆ ಹೋಗಿ ಗುಂಡಿ ಒತ್ತಿದೆ. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಮತ್ತೆ ಒತ್ತಿದೆ. ಮತ್ತೆ ಅರ್ಧ ಸುತ್ತು. ಪರದೆ ಕಪ್ಪಗೇ ಉಳಿಯಿತು.

ನಕ್ಷೆಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ವಾರಕ್ಕೊಮ್ಮೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಡಬೇಕೆಂದು ಸೇರಿದ ದಿನವೇ ಹೇಳಿದ್ದರು. ಪೆನ್‌ಡ್ರೈವು ಮೇಜಿನ ಖಾನೆಯಲ್ಲಿತ್ತು. ನಾಳೆ ಹಾಕಿದರಾಯಿತು, ಸೆರಗು ಮುಗಿದ ಮೇಲೆ ಒಟ್ಟಿಗೇ ಹಾಕಿದರಾಯಿತು ಎಂದು ಮೂರು ತಿಂಗಳು ತಳ್ಳಿದ್ದೆ. ಕ್ಯಾಮರಾದಲ್ಲಿದ್ದ ಫೋಟೊಗಳನ್ನೂ ಜಾಗ ಸಾಲದೆಂದು ಅಳಿಸಿಬಿಟ್ಟಿದ್ದೆ.

ಸಂಘದ ಕಾರ್ಯದರ್ಶಿ ಬಸಣ್ಣ ಅಂದೇ ಸಂಜೆ ಗದಗಿನಿಂದ ರಿಪೇರಿಯವನೊಬ್ಬನನ್ನು ಕರೆಸಿದರು. ಅವನು ನಾಲ್ಕು ಸಲ ಗುಂಡಿ ಒತ್ತಿ, ಒಳಗೆ ಮದರ್‌ಬೋರ್ಡು ಸುಟ್ಟಿದೆ, ಡಿಸ್ಕೂ ಹೋಗಿರುತ್ತದೆ, ರಿಪೇರಿ ಮಾಡುವುದೆಲ್ಲ ವ್ಯರ್ಥ ಎಂದ. ಗುರುವಾರ ಹೊಸ ಕಂಪ್ಯೂಟರು ತಂದಿಟ್ಟು ಹಳೆಯದನ್ನು ಒಯ್ಯುವುದೆಂದು ಅವರಿಬ್ಬರೂ ನನ್ನ ಮುಂದೆಯೇ ಮಾತು ಮುಗಿಸಿದರು. ಬಸಣ್ಣನವರು ಕೆಟ್ಟವರಲ್ಲ. ಹೊಸದೊಂದು ಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು, ಅಷ್ಟೆ.

ನೀಲವ್ವನಿಗೆ ಹೇಳಬೇಕಿತ್ತು. ಮಗ್ಗದ ಹತ್ತಿರ ಹೋಗಿ, ತಪ್ಪು ನನ್ನದೇ ಎಂಬುದನ್ನೂ ಬಿಡದೆ ಹೇಳಿದೆ. ಅವರು ಲಾಳಿಯನ್ನು ಕೈಯಲ್ಲಿ ಹಿಡಿದೇ ಕೇಳಿದರು. ಬೈಯಲಿಲ್ಲ. ಲಾಳಿಯನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಅಂದರು:

"ಹಂಗಾದ್ರ ನಮ್ಮವ್ವ ಅದರೊಳಗ ಸಿಕ್ಕೊಂಡಾಳ. ತಗಿಯಾಕ ಬರ್ತೈತೇನ ನೋಡವಾ."

ಆ ಒಂದು ಮಾತು ನನ್ನನ್ನು ಎಬ್ಬಿಸಿತು. ನೆಟ್ಟಗೆ ಬಸಣ್ಣನವರ ಮುಂದೆ ಹೋಗಿ ನಿಂತೆ. ಗುರುವಾರದವರೆಗೆ ಅದು ನಮ್ಮದೇ ಅಲ್ಲವೇನ್ರಿ, ನಾನು ಬಿಚ್ಚಿ ನೋಡುತ್ತೇನೆ ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು, ಕೆಟ್ಟದ್ದು ಇನ್ನೇನು ಕೆಡುತ್ತದೆ ಎಂದು ಒಪ್ಪಿದರು.

ಮಂಗಳವಾರ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿದ್ದೆ. ಹೊರಗೆ ಜಿಟಿಜಿಟಿ ಮಳೆ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ. ಒಳಗೆ ನೋಡಿದರೆ ನಗುವೂ ಬಂತು, ಹೇಸಿಗೆಯೂ ಆಯಿತು. ಹಿಂಜು ಮಳೆಗಾಲದ ತೇವಕ್ಕೆ ಒದ್ದೆಯಾಗಿ, ಗಂಜಿಯ ಪುಡಿಯೊಂದಿಗೆ ಬೆರೆತು, ಕಂಬಳಿಯಂತೆ ಪದರು ಕಟ್ಟಿತ್ತು. ಇದೇ ರೋಗ ಎಂದುಕೊಂಡು ಬ್ರಷ್ಷಿನಿಂದ ಮೂಲೆ ಮೂಲೆ ಬಿಡಿಸಿದೆ. ಆಸೆಯಿಂದ ಗುಂಡಿ ಒತ್ತಿದೆ. ಅರ್ಧ ಸುತ್ತು, ಅಷ್ಟೆ.

ನೀಲವ್ವ ಆ ಹೊತ್ತಿಗೆ ಬಂದು ನನ್ನೆದುರು ಸ್ಟೂಲಿನ ಮೇಲೆ ಕೂತಿದ್ದರು. ಮಗ್ಗ ನಿಂತಿರುವಾಗ ಅವರಿಗೆ ಬೇರೆಲ್ಲೂ ನಿಲ್ಲಲಾಗುತ್ತಿರಲಿಲ್ಲ.

ಮೊದಲು ಕರೆಂಟು ಬರುತ್ತಿದೆಯೋ ಇಲ್ಲವೋ ನೋಡಬೇಕು. ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಕಬ್ಬಿಣದ ಡಬ್ಬಿಯೊಂದಿದೆ, ಪವರ್ ಸಪ್ಲೈ. ಅದರ ವಾಯರುಗಳನ್ನೆಲ್ಲ ಬೋರ್ಡಿನಿಂದ ಕಿತ್ತೆ. ಅದರ ಹಸಿರು ವಾಯರಿಗೂ ಕಪ್ಪು ವಾಯರಿಗೂ ಒಂದು ಪಿನ್ನು ಬಾಗಿಸಿ ಸೇರಿಸಿದರೆ ಅದು ತಾನೊಂದೇ ಓಡಬೇಕೆಂದು ರೋಣದಲ್ಲಿ ಹೇಳಿಕೊಟ್ಟಿದ್ದರು. ನೀಲವ್ವ ತಮ್ಮ ಬಳೆಯಲ್ಲಿದ್ದ ಪಿನ್ನನ್ನು ಬಿಚ್ಚಿ ಕೊಟ್ಟರು. ಸೇರಿಸಿದೆ. ಫ್ಯಾನು ಭರ್ರೆಂದು ತಿರುಗಿತು, ನಿಲ್ಲಲೇ ಇಲ್ಲ. ಡಬ್ಬಿ ಬದುಕಿತ್ತು!

ಹಾಗಾದರೆ ಬೇರೆ ಯಾವುದೋ ಒಂದು ಅದರ ಕತ್ತು ಹಿಸುಕುತ್ತಿದೆ. ಯಾವುದು? ಎಲ್ಲ ಭಾಗಗಳನ್ನೂ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಬೋರ್ಡು ಒಂದನ್ನೇ ಉಳಿಸಿಕೊಂಡು ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು. ಮರುಕ್ಷಣ ಪೆಟ್ಟಿಗೆಯೊಳಗಿಂದ ಕುಂಯ್, ಕುಂಯ್, ಕುಂಯ್ ಎಂದು ಅಳು ಕೇಳಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅದು ಮೆಮೊರಿ ಇಲ್ಲವೆಂದು ಬೋರ್ಡು ಕೂಗುವ ಕೂಗು. ಸತ್ತ ಬೋರ್ಡು ಕೂಗುವುದಿಲ್ಲ. ಗದಗಿನವನು ಸುಟ್ಟಿದೆ ಎಂದ ಬೋರ್ಡು ಹುಟ್ಟಿದ ಕೂಸಿನಂತೆ ಅಳುತ್ತಿತ್ತು, ನಾನು ನಗುತ್ತಿದ್ದೆ. ಯಾಕವಾ, ಏನಾತು ಎಂದು ನೀಲವ್ವ ಗಾಬರಿಯಾದರು. ಬದುಕಿದೆ ಎಂದೆ.

ಮೆಮೊರಿಯ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿ, ಹಿತ್ತಾಳೆಯ ಹೊಳಪು ಬರಿಸಿ ಕೂರಿಸಿದೆ. ಕೂಗು ನಿಂತಿತು. ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು. ಬಸಣ್ಣನವರೂ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಉಳಿದ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತ ಬಂದೆ. ಒಂದು ಸೇರಿಸುವುದು, ಗುಂಡಿ ಒತ್ತುವುದು, ಬದುಕಿದೆಯೇ ನೋಡುವುದು. ಬದುಕಿದೆ. ಇನ್ನೊಂದು. ಬದುಕಿದೆ. ಕೊನೆಗೆ ಉಳಿದದ್ದು ಡಿಸ್ಕು. ನಕ್ಷೆಗಳೆಲ್ಲ ಇದ್ದದ್ದು ಅದರಲ್ಲೇ. ವಾಯರು ಸಿಕ್ಕಿಸಿ ಒತ್ತಿದೆ.

ಅರ್ಧ ಸುತ್ತು. ಕಪ್ಪು.

ತೆಗೆದೆ, ಬದುಕಿತು. ಹಾಕಿದೆ, ಸತ್ತಿತು. ನಾಲ್ಕು ಸಲ ಮಾಡಿ ನೋಡಿದೆ. ಇಡೀ ಯಂತ್ರವನ್ನು ನಿಲ್ಲಿಸುತ್ತಿದ್ದದ್ದು ಗುರವ್ವನ ಗಿಳಿಗಳಿದ್ದ ಆ ಡಿಸ್ಕೇ ಆಗಿತ್ತು. ಕಾರಣ ಸಿಕ್ಕ ಸಂತೋಷ, ಸಿಕ್ಕ ಕಾರಣದ ಸಂಕಟ ಎರಡೂ ಒಟ್ಟಿಗೇ ಬಂದವು. ಬಸಣ್ಣನವರು, ಹೋಗಲಿ ಬಿಡ್ರಿ ಬಾಯಾರ, ಯಂತ್ರವಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿದರು. ಅವರಿಗೆ ಅದು ಉಳಿದದ್ದೇ ದೊಡ್ಡದು. ನಮ್ಮಿಬ್ಬರಿಗೆ ಅಲ್ಲ.

ಆಗ ರೋಣದ ನಮ್ಮ ಮಾಸ್ತರರು ಹೇಳಿದ್ದೊಂದು ಮಾತು ನೆನಪಾಯಿತು. ಎಲ್ಲರೂ ಕೈಬಿಟ್ಟದ್ದನ್ನು ನರಗುಂದದ ಖಾದರಸಾಬರಿಗೆ ಒಯ್ಯಬೇಕು, ರೇಡಿಯೊ ಕಾಲದಿಂದ ರಿಪೇರಿ ಮಾಡಿದವರು ಎಂದು. ಬುಧವಾರ ಬೆಳಿಗ್ಗೆ ನಾನು ಹೊರಟು ನಿಂತಾಗ ನೀಲವ್ವ ಬುತ್ತಿಗಂಟಿನೊಂದಿಗೆ ಬಸ್‌ ನಿಲ್ದಾಣದಲ್ಲಿದ್ದರು. ಡಿಸ್ಕನ್ನು ನನ್ನ ಕೈಯಿಂದ ತೆಗೆದುಕೊಂಡು, ಊಟದ ಡಬ್ಬಿಯೊಂದರಲ್ಲಿ ನೂಲು ಹಾಸಿ ಅದರ ಮಧ್ಯೆ ಇಟ್ಟು, ಮಡಿಲಲ್ಲಿ ಇಟ್ಟುಕೊಂಡು ಕೂತರು.

ರೋಣದಲ್ಲಿ ಬಸ್ಸು ಬದಲಿಸಿದೆವು. ಎರಡೂ ಕಡೆ ಎರೆಹೊಲ, ಹೆಸರು ಕಾಯಿ ಕಪ್ಪಾಗಿ ಬಿಡಿಸಲು ಬಂದಿತ್ತು. ಮಳೆ ಬಿಟ್ಟಾಗ ಬಿಡಿಸಿಕೊಳ್ಳೋಣವೆಂದು ಜನ ತಲೆಗೆ ಗೋಣಿಯ ಗೊಪ್ಪೆ ಹಾಕಿಕೊಂಡು ಬದುವಿನ ಮೇಲೆ ಕಾಯುತ್ತಿದ್ದರು. ನರಗುಂದ ಇನ್ನೂ ದೂರವಿರುವಾಗ ಬಸ್ಸು ನಿಂತಿತು. ಮುಂದಿನ ಹಳ್ಳ ತುಂಬಿ ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ನೀರಿಳಿಯುವವರೆಗೆ ದಾಟಿಸುವುದಿಲ್ಲ ಎಂದು ಡ್ರೈವರು ಇಳಿದು ಹೋಗಿ ಬಂಡೆಯ ಮೇಲೆ ಕೂತ. ನಾನು ಗಡಿಯಾರ ನೋಡುವುದು, ನೀರು ನೋಡುವುದು. ನೀಲವ್ವ ಮಾತ್ರ ರೊಟ್ಟಿ ಬಿಚ್ಚಿ ಡ್ರೈವರನಿಗೂ ಒಂದು ಕೊಟ್ಟು, ತಾವೂ ತಿಂದರು. ಸೇತುವೆಯ ಕಲ್ಲುಗಳ ನೆತ್ತಿ ಕಂಡ ಮೇಲೆ ಬಸ್ಸು ಹೊರಟಿತು. ಸಾಲು ಕಲ್ಲುಗಳ ನಡುವೆ ನೀರು ಸೀಳಿಕೊಂಡು ದಾಟುವಾಗ ಬಸ್ಸಿನಲ್ಲಿದ್ದವರೆಲ್ಲ ಉಸಿರು ಹಿಡಿದಿದ್ದರು. ಆಚೆ ದಡ ಹತ್ತಿದಾಗ ಒಮ್ಮೆಲೇ ಮಾತು ಶುರುವಾಯಿತು.

ನರಗುಂದದ ಗುಡ್ಡದ ಕೋಟೆಗೆ ಮೋಡ ಮುಸುಕಿತ್ತು. ಅದರ ಕೆಳಗೆ, ಕಾಳಿನ ಅಂಗಡಿಗಳ ಸಾಲಿನ ಕೊನೆಗೆ ಖಾದರಸಾಬರ ಗೂಡು. ಗೋಡೆ ತುಂಬ ಹಳೆಯ ರೇಡಿಯೊಗಳ ಮರದ ಪೆಟ್ಟಿಗೆಗಳು, ನೆಲದ ಮೇಲೆ ಕಾಲುವೆ ಕಡೆಯ ರೈತರ ಪಂಪ್‌ಸೆಟ್ಟಿನ ಸ್ಟಾರ್ಟರುಗಳು. ಬಿಳಿಯ ಗಡ್ಡದ ಮನುಷ್ಯ, ಹಣೆಗೆ ಭೂತಗನ್ನಡಿ ಏರಿಸಿಕೊಂಡು ಕೂತಿದ್ದರು. ಡಿಸ್ಕನ್ನು ಮುಟ್ಟುವ ಮೊದಲು ನನ್ನನ್ನು ನೋಡಿ ಕೇಳಿದರು:

"ಏನೇನ ನೋಡಿದಿ ತಂಗಿ, ಮೊದಲಿನಿಂದ ಹೇಳು."

ಪಿನ್ನಿನಿಂದ ಹಿಡಿದು ಕೊನೆಯ ಅರ್ಧ ಸುತ್ತಿನವರೆಗೆ ಎಲ್ಲ ಹೇಳಿದೆ. ಅವರು ಕೈಕೆಲಸ ನಿಲ್ಲಿಸಿ ಕೇಳಿದರು.

"ಅರ್ಧಾ ಕೆಲಸಾ ನೀನ ಮಾಡೀದಿ," ಎಂದರು. ನನ್ನನ್ನು ಅಲ್ಲಿಯವರೆಗೆ ಯಾರೂ ಹಾಗೆ ಹೊಗಳಿರಲಿಲ್ಲ.

ಡಿಸ್ಕಿನ ಬೆನ್ನಿನ ಹಸಿರು ಹಲಗೆಯ ಸ್ಕ್ರೂ ಬಿಚ್ಚಿ ಮಗುಚಿದರು. ಮೀಟರಿನ ಎರಡು ಮೊನೆಗಳನ್ನು ಕರೆಂಟು ಒಳಬರುವ ಕಡೆ ಇಟ್ಟರು. ಮೀಟರು ಒಂದೇ ಸಮನೆ ಕೂಗಿತು. ಒಳಗೆ ಬರುವ ಕರೆಂಟು ಕೆಲಸಕ್ಕೆ ಹೋಗದೆ ಅಲ್ಲೇ ನೆಲಕ್ಕೆ ಸೋರುತ್ತಿದೆ, ಅದಕ್ಕೇ ನಿನ್ನ ಡಬ್ಬಿ ಹೆದರಿ ಬಂದ್ ಆಗುತ್ತಿದೆ ಎಂದು ವಿವರಿಸಿದರು. ಮೊನೆಯನ್ನು ಸರಿಸುತ್ತ ಸರಿಸುತ್ತ ಹೋಗಿ ಅಕ್ಕಿಕಾಳಿನಷ್ಟಿದ್ದ ಕಪ್ಪು ತುಣುಕೊಂದರ ಮೇಲೆ ನಿಲ್ಲಿಸಿದರು. ಭೂತಗನ್ನಡಿಯಲ್ಲಿ ನೋಡಿದೆ. ಅದರ ಮೈಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು.

"ಇದು ಕಾವಲುಗಾರ," ಎಂದರು. "ಸಿಡಿಲಿನ ಪೆಟ್ಟು ಬಂತು, ತನ್ನ ಮೈಮ್ಯಾಲ ತಗೊಂತು. ಇದು ಸತ್ತಿದ್ದಕ್ಕ ಒಳಗಿಂದು ಬದುಕಿರತೈತಿ. ಆದ್ರ ಸತ್ತಾಂವ ಬಾಗಲಕ್ಕ ಅಡ್ಡ ಬಿದ್ದಾನ. ಇವನ್ನ ಸರಿಸಬೇಕು, ಅಷ್ಟ."

ನೀಲವ್ವ ಆ ಕಾಳನ್ನು ನೋಡಿ ಸುಮ್ಮನೆ ಕೈ ಮುಗಿದರು.

ಸರಿಸಲು ಬೆಸುಗೆ ಕಡ್ಡಿ ಕಾಯಬೇಕು, ಕಾಯಲು ಕರೆಂಟು ಬೇಕು. ಬೆಳಿಗ್ಗೆಯಿಂದ ಊರಿಗೆ ಕರೆಂಟು ಇರಲಿಲ್ಲ, ತಮ್ಮ ಯುಪಿಎಸ್‌ನಲ್ಲಿದ್ದಷ್ಟನ್ನು ಡಿಸ್ಕು ಓಡಿಸಲು ಉಳಿಸಬೇಕೆಂದರು ಖಾದರಸಾಬರು. ಇಕ್ಕಳದಿಂದ ಕಿತ್ತರೆ ಆಗದೇನ್ರಿ ಎಂದೆ. ಕೆಳಗಿನ ತಾಮ್ರದ ಗೆರೆ ಹರಿದರೆ ಮುಗಿಯಿತು ಎಂದರು. ಕೂತೆವು. ಚಹಾ ತರಿಸಿದರು. ಗಜೇಂದ್ರಗಡದ ಕಡೆಗೆ ಕೊನೆಯ ಬಸ್ಸು ಐದೂವರೆಗೆ. ನಾಲ್ಕಾಯಿತು. ನಾಲ್ಕೂಕಾಲು. ಡಿಸ್ಕನ್ನು ಇಲ್ಲೇ ಬಿಟ್ಟು ಹೋಗೋಣವೇ ಎಂದು ಕೇಳಿದೆ. ನೀಲವ್ವ ಬೇಡವೆಂದು ತಲೆ ಅಲ್ಲಾಡಿಸಿದರು. ನಾಲ್ಕೂವರೆಯ ಸುಮಾರಿಗೆ ಎದುರಿನ ಹಿಟ್ಟಿನ ಗಿರಣಿ ಗರ್ ಎಂದು ತಿರುಗಿತು. ಕರೆಂಟು!

ಖಾದರಸಾಬರು ಕಡ್ಡಿ ಕಾಯಿಸಿ ರಾಳಕ್ಕೆ ಅದ್ದಿ, ಹಿಡಿಕೆಯನ್ನು ನನ್ನ ಕಡೆ ತಿರುಗಿಸಿದರು.

"ನನ್ನ ಕೈ ಈಗ ನಡುಗತಾವ ತಂಗಿ. ದೊಡ್ಡ ಕೆಲಸಾ ಮಾಡತೀನಿ, ಇಂಥಾ ಸಣ್ಣದ್ದು ಆಗೂದಿಲ್ಲ. ನೀನ ತಗಿ."

ನನ್ನ ಕೈಯೂ ನಡುಗುತ್ತಿತ್ತು. ಅದನ್ನು ಹೇಳಲು ನಾಚಿಕೆಯಾಗಿ ಕಡ್ಡಿ ಹಿಡಿದೆ. ಮೊಣಕೈಯನ್ನು ಮೇಜಿಗೆ ಊರು ಎಂದರು. ಎರಡು ತುದಿಗೂ ಒಂದೊಂದು ಸಲ ಮುಟ್ಟಿಸು, ಸೀಸ ಕರಗಿ ಹೊಳೆದಾಗ ಚಿಮಟದಿಂದ ಸರಿಸು, ಎಳೆಯಬೇಡ ಎಂದರು. ಒಂದು ತುದಿ ಹೊಳೆಯಿತು. ಇನ್ನೊಂದು ಹೊಳೆಯುವಷ್ಟರಲ್ಲಿ ಮೊದಲನೆಯದು ಆರಿತು. ಮತ್ತೆ. ರಾಳದ ಹೊಗೆಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮೂರನೇ ಸಲಕ್ಕೆ ಎರಡೂ ಒಟ್ಟಿಗೆ ಹೊಳೆದವು. ಚಿಮಟ ತಾಗಿಸಿದೆ. ಕಾಳು ಮೆಲ್ಲಗೆ ಜಾರಿ ಪಕ್ಕಕ್ಕೆ ಬಂತು. ಖಾದರಸಾಬರು ಮೀಟರು ಇಟ್ಟರು. ಮೀಟರು ಸುಮ್ಮನಿತ್ತು.

ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಜೋಡಿಸುವ ಮೊದಲು ಎಚ್ಚರಿಸಿದರು. ಇನ್ನು ಇದಕ್ಕೆ ಕಾವಲಿಲ್ಲ, ಒಂದೇ ಸಲ ಓಡಿಸೋಣ, ಬೇಕಾದದ್ದನ್ನು ತೆಗೆದುಕೊಂಡುಬಿಡು. ಮಧ್ಯೆ ಕರೆಂಟು ಹೋಗದಿರಲೆಂದು ತಮ್ಮ ಯುಪಿಎಸ್‌ಗೂ ಸಿಕ್ಕಿಸಿದರು. ಗುಂಡಿ ಒತ್ತಿದರು. ಡಿಸ್ಕಿನ ಮೇಲೆ ನೀಲವ್ವ ಬೆರಳಿಟ್ಟಿದ್ದರು, ನಾನು ಬೇಡವೆನ್ನುವುದರೊಳಗೆ ಅವರ ಮುಖ ಅರಳಿತು.

"ಜೀವಾ ಐತಿ," ಎಂದರು. "ಒಳಗ ತಿರಗಾಕತ್ತೈತಿ."

ಪರದೆಯ ಮೇಲೆ ನಾನೇ ಇಟ್ಟ ಹೆಸರುಗಳು ಒಂದರ ಕೆಳಗೊಂದು ಬಂದವು. ಗುರವ್ವನ ಸೀರೆ ಎಂಬ ಹೆಸರನ್ನು ಮೊದಲು ಖಾನೆಯಿಂದ ತಂದಿದ್ದ ಪೆನ್‌ಡ್ರೈವಿಗೆ ಎಳೆದೆ. ಹಸಿರು ಪಟ್ಟಿ ತೆವಳುತ್ತ ತೆವಳುತ್ತ ತುದಿ ಮುಟ್ಟಿತು. ಆಮೇಲೆ ಉಳಿದವೆಲ್ಲ. ಖಾದರಸಾಬರು ತಮ್ಮಲ್ಲೂ ಒಂದು ಪ್ರತಿ ಇಟ್ಟುಕೊಂಡರು, ನಿನ್ನ ಮೇಲೆ ನಂಬಿಕೆ ಇಲ್ಲ ಎಂದು ನಕ್ಕರು. ಐದೂವರೆಯ ಬಸ್ಸಿಗೆ ನಾವಿಬ್ಬರೂ ಕೆಸರಿನಲ್ಲಿ ಓಡಿದೆವು. ಅರವತ್ತರ ನೀಲವ್ವ ನನಗಿಂತ ಮುಂದೆ ಓಡಿದರು.

ಗುರುವಾರ ಗದಗಿನವನ ಗಾಡಿ ಬಂದಾಗ ಬಸಣ್ಣನವರು, ನಮ್ಮ ಬೋರ್ಡು ಸುಟ್ಟಿಲ್ಲಂತ್ರಿ ಎಂದಷ್ಟೇ ಹೇಳಿ ಅವನಿಗೆ ಚಹಾ ಕುಡಿಸಿ ಕಳಿಸಿದರು. ಅವರೇ ಓಡಾಡಿ ತಂದ ಹೊಸ ಡಿಸ್ಕನ್ನು ನಾನು ಹಳೆಯ ಪೆಟ್ಟಿಗೆಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನಕ್ಷೆ ತೆರೆದು ನೀಲವ್ವನನ್ನು ಕರೆದೆ. ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಇದು ನಮ್ಮವ್ವನ ಸೀರಿ ಅಲ್ಲವಾ," ಎಂದರು.

ಅವರು ಗಿಳಿಗಳನ್ನು ಕೆಳಗಿನಿಂದ ಬೆರಳಿಟ್ಟು ಎಣಿಸಿದರು. ಏಳಕ್ಕೆ ನಿಂತರು. ಏಳನೆಯದು ಆ ಕಡೆ ಮುಖ ಮಾಡಿರಬೇಕಿತ್ತು ಎಂದರು. ಆಗ ನೆನಪಾಯಿತು. ಬರೆಯುವಾಗ ಒಂದು ಗಿಳಿ ತಿರುಗಿ ನಿಂತದ್ದು ಕಂಡು, ನೇಯುವಾಗ ಎಣಿಕೆ ತಪ್ಪಿರಬೇಕೆಂದು ನಾನೇ ತಿದ್ದಿದ್ದೆ. ತಿದ್ದಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಪಟ್ಟಿದ್ದೆ. ಫೋಟೊ ತೆರೆದೆ. ಹೌದು, ಹನ್ನೆರಡು ಗಿಳಿ ಎಡಕ್ಕೆ, ಏಳನೆಯದೊಂದು ಬಲಕ್ಕೆ.

ನೀಲವ್ವ ಸ್ಟೂಲಿನ ಮೇಲೆ ಕೂತು ಹೇಳಿದರು. ಗುರವ್ವ ಆ ಸೀರೆ ನೇಯುವಾಗ ತುಂಬಿದ ಬಸುರಿ. ಏಳನೇ ಗಿಳಿಯ ಹೊತ್ತಿಗೆ ನೋವು ಶುರುವಾಯಿತು. ಗಿಳಿ ಮುಗಿಸದೆ ಏಳುವುದಿಲ್ಲವೆಂದು ಹಟ ಹಿಡಿದು, ನೋವಿನಲ್ಲೇ ಎಳೆ ಎಣಿಸುತ್ತ ಬಲಗಡೆಯಿಂದ ಎಣಿಸಿಬಿಟ್ಟರು. ಸಂಜೆ ಹೆರಿಗೆಯಾಯಿತು. ಬಾಣಂತನ ಮುಗಿಸಿ ಮಗ್ಗಕ್ಕೆ ಮರಳಿದಾಗ ಗಿಳಿ ತಿರುಗಿ ನಿಂತದ್ದು ಕಂಡಿತು, ಬಿಚ್ಚಲಿಲ್ಲ.

ಹಿಂದೆ ನಿಂತು ಕೇಳುತ್ತಿದ್ದ ಬಸಣ್ಣನವರು ಗಂಟಲು ಸರಿಪಡಿಸಿಕೊಂಡು, ಅದೆಲ್ಲ ಖರೆ, ಆದರೆ ನೋಡಿದವರು ನೇಯ್ಗೆ ತಪ್ಪಿದೆ ಅನ್ನುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು.

"ಅದು ತಪ್ಪ ಅಲ್ರಿ ಬಸಣ್ಣಾರ," ಎಂದರು ನೀಲವ್ವ. "ಅದು ನಾನು."

ನಾನು ಅವತ್ತೇ ಆ ಗಿಳಿಯನ್ನು ಮತ್ತೆ ಬರೆಯಲು ಕೂತೆ. ಇದ್ದ ಗಿಳಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ಆ ಗಿಳಿಯ ಬಾಲ ಎರಡು ಎಳೆ ಗಿಡ್ಡ, ಕೊಕ್ಕು ತುಸು ಓರೆ. ಅವಸರದ ಕೈ, ನೋವಿನ ಕೈ. ಈ ಸಲ ಒಂದು ಎಳೆಯನ್ನೂ ತಿದ್ದದೆ ಇದ್ದಂತೆಯೇ ಬರೆದೆ. ಆ ಒಂದು ಗಿಳಿಗಾಗಿ ಬೇರೆಯೇ ಕಾರ್ಡುಗಳನ್ನು ಹೊಡೆಸಿದೆವು.

ಆ ಸೀರೆಯನ್ನು ನೀಲವ್ವ ಯಾರಿಗೂ ಕೊಡಲಿಲ್ಲ. ಅದನ್ನು ನೋಡಿದವರು ಕೇಳಿ ಕೇಳಿ ಅದರಂಥವೇ ಬೇರೆ ಸೀರೆಗಳನ್ನು ನೇಯಿಸಿದರು, ಎಲ್ಲದರಲ್ಲೂ ಏಳನೇ ಗಿಳಿ ತಿರುಗಿಯೇ ಇತ್ತು. ನಾನು ಬೇರೆ ಕೆಲಸ ಸಿಗುವವರೆಗೆಂದು ಬಂದವಳು ಆ ಸಂಘದಲ್ಲಿ ಐದು ವರ್ಷ ಉಳಿದೆ. ಖಾದರಸಾಬರ ಅಂಗಡಿಗೆ ಬಿಡುವಾದಾಗಲೆಲ್ಲ ಹೋಗಿ, ಅವರ ಕೈಗೆ ಒಗ್ಗದ ಸಣ್ಣ ಕೆಲಸಗಳನ್ನು ಮಾಡಿಕೊಡುತ್ತ ಕಲಿತೆ. ಆದರೆ ಆ ವರ್ಷ ಎಂದರೆ ನನಗೆ ಕಣ್ಣೆದುರು ಬರುವುದು ಶ್ರಾವಣ ಮುಗಿಯಲು ಎರಡು ದಿನ ಇದ್ದಾಗಿನ ಒಂದು ಹೊತ್ತು.

ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ನೀಲವ್ವ ಏಳನೇ ಗಿಳಿ ನೇಯುತ್ತಿದ್ದರು. ಸಂಘದವರೆಲ್ಲ ಮಗ್ಗದ ಸುತ್ತ ನಿಂತಿದ್ದೆವು. ಬಾಲ ಮುಗಿದು, ರೆಕ್ಕೆ ಮುಗಿದು, ಓರೆ ಕೊಕ್ಕಿಗೆ ಬರುವಾಗ ಅವರು ಮಗ್ಗದ ತುಳಿಹಲಗೆಯಿಂದ ಕಾಲು ತೆಗೆದು, ಬಾ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಲಾಳಿಯನ್ನು ಕೈಯಲ್ಲಿಟ್ಟರು. ನಾನು ಅದಕ್ಕೂ ಮೊದಲು ಒಂದು ಎಳೆಯನ್ನೂ ನೇಯ್ದವಳಲ್ಲ. ತುಳಿ ಎಂದರು, ತುಳಿದೆ. ಒಗೆ ಎಂದರು, ಒಗೆದೆ. ಲಾಳಿ ಅಡ್ಡಾದಿಡ್ಡಿ ಓಡಿ ಆ ಕಡೆ ಸೇರಿತು. ಬಡಿದಾಗ ನೋಡಿದರೆ ನನ್ನ ಎಳೆ ಅಂಚಿನಲ್ಲಿ ಸಡಿಲಾಗಿ, ಸಣ್ಣ ಕುಣಿಕೆಯಂತೆ ಹೊರಗೆ ನಿಂತಿತ್ತು. ಕೆಡಿಸಿಬಿಟ್ಟೆನಲ್ಲ, ಬಿಚ್ಚುತ್ತೇನೆ ತಾಳ್ರಿ ಎಂದು ಕೈ ಹಾಕಿದೆ. ನೀಲವ್ವ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಇರ್ಲಿ ಬಿಡು," ಎಂದರು, ಮುಂದಿನ ಎಳೆ ಒಗೆದರು.